ಪೈಕಾರದಿಂದ ಪಲ್ಲಡದವರೆಗೆ

ಶಿವನಸಮುದ್ರದ ಬಳಿ ಕಾವೇರಿಯು ಇಬ್ಬಗೆಯಾಗಿ ಒಡೆದು, ಪಡುವಣ ಕವಲು ಗಗನಚುಕ್ಕಿಯಾಗಿಯೂ ಮೂಡಣ ಕವಲು ಭರಚುಕ್ಕಿಯಾಗಿಯೂ ಧುಮ್ಮಿಕ್ಕುವುದನ್ನು ಕಂಡು ಬೆರಗಾದ ಕನ್ನಡಿಗರು ಲೆಕ್ಕವಿಲ್ಲದಷ್ಟು ಮಂದಿ. ಆದರೆ 1956ನೆಯ ಇಸವಿಯ ನವೆಂಬರ್ 1ರವರೆಗೆ ಆ ಮೂಡಣ ದಡವು, ಕೊಳ್ಳೇಗಾಲ ತಾಲ್ಲೂಕಿನ ಅಂಶವಾಗಿ, ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತೆಂಬುದನ್ನು ಇಂದು ನೆನೆಯುವವರು ವಿರಳ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಸಂಕಲ್ಪಿತವಾಗಿ, 1902ರಲ್ಲಿ ಮೈಸೂರು ಸಂಸ್ಥಾನದ ದಡದಿಂದ ಹೊರಟ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತೇ ಹೊರತು, ಜಲಪಾತದ ಅರ್ಧಕ್ಕೆ ಒಡೆಯನಾಗಿದ್ದ ಕೊಯಮತ್ತೂರು ಜಿಲ್ಲೆಯ ಮುಖ್ಯಪಟ್ಟಣವು ಆ ಶಕ್ತಿಯ ಒಂದು ಕಿಡಿಯನ್ನೂ ಕಾಣಲಿಲ್ಲ. ಅದು ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು. ಹಾಗೆ ಕಾದ ಮೇಲೆ ಬಂದ ವಿದ್ಯುತ್ತನ್ನು ಅದು ಬಳಸಿಕೊಂಡ ರೀತಿಯಾದರೋ ದಕ್ಷಿಣಭಾರತದ ಯಂತ್ರಚರಿತ್ರೆಯಲ್ಲಿಯೇ ಒಂದು ಸ್ವತಂತ್ರ ಅಧ್ಯಾಯ.

ಕೊಯಮತ್ತೂರು ಸೀಮೆ ನಮಗೆ ಪರಕೀಯವಾದುದಲ್ಲ. 1799ರವರೆಗೆ ಅದು ಮೈಸೂರು ರಾಜ್ಯದ ಭಾಗ. ಟಿಪ್ಪುವಿನ ಪತನದ ಮರುವರ್ಷವೇ ಬುಕಾನನ್ ಎಂಬ ವೈದ್ಯನು ಕುಂಪಣಿಯ ಪರವಾಗಿ ಅಲ್ಲಿನ ಬೆಳೆ, ಬಾವಿ, ಮಗ್ಗಗಳನ್ನೆಲ್ಲ ವಿಚಾರಿಸುತ್ತ ತಿರುಗಿದನು. ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ದೇವಾಂಗ ನೇಕಾರರು, ಒಕ್ಕಲಿಗರು, ಇಂದಿಗೂ ಆ ಜಿಲ್ಲೆಯ ಊರೂರಿನಲ್ಲಿದ್ದಾರೆ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿ ಬಿದ್ದ ಆ ನೆಲಕ್ಕೆ ವರ್ಷಕ್ಕೆ 25ರಿಂದ 28 ಅಂಗುಲ ಮಳೆಯಾದರೆ ಅದೇ ಹೆಚ್ಚು. ಆದುದರಿಂದ ರೈತನು ಬಂಡೆಯನ್ನು ಒಡೆದು ಆಳವಾದ ಬಾವಿಗಳನ್ನು ತೋಡಿ, ಇಳಿಜಾರಿನಲ್ಲಿ ಎತ್ತುಗಳನ್ನು ಹಿಂದಕ್ಕೂ ಮುಂದಕ್ಕೂ ನಡೆಸಿ, ಕಪಿಲೆಯಿಂದ ನೀರೆತ್ತಿ, ಕಪ್ಪು ಮಣ್ಣಿನಲ್ಲಿ ಹತ್ತಿಯನ್ನು ಬೆಳೆಯುತ್ತಿದ್ದನು. ಆ ಹತ್ತಿಯ ಆಸೆಯಿಂದಲೇ ರಾಬರ್ಟ್ ಸ್ಟೇನ್ಸ್ ಮೊದಲಾದವರು 1888ರಲ್ಲಿ ಅಲ್ಲಿ ನೂಲಿನ ಗಿರಣಿಯನ್ನು ಸ್ಥಾಪಿಸಿದ್ದು. ಅದು ನಡೆದದ್ದು ಉಗಿಯಿಂದ. ಕಲ್ಲಿದ್ದಲಿಲ್ಲದ ಸೀಮೆಯಲ್ಲಿ ಉಗಿ ತುಟ್ಟಿಯ ಬಾಬು, ಆದ್ದರಿಂದ ಗಿರಣಿಗಳ ಸಂಖ್ಯೆ ನಲವತ್ತು ವರ್ಷಗಳವರೆಗೆ ಮಂದಗತಿಯಲ್ಲಿಯೇ ಬೆಳೆಯಿತು.

ಈ ಸ್ಥಿತಿಯನ್ನು ಬದಲಿಸಿದ್ದು ನೀಲಗಿರಿಯ ಪೈಕಾರ ನದಿ. ಕನ್ನಡಕ್ಕೆ ಹತ್ತಿರದ ನುಡಿಯನ್ನಾಡುವ ಬಡಗರೂ ಎಮ್ಮೆ ಮೇಯಿಸುವ ತೋಡರೂ ಇದ್ದ ಆ ಬೆಟ್ಟದ ಮೇಲಣ ನೀರನ್ನು ಕಬ್ಬಿಣದ ಕೊಳವೆಗಳಲ್ಲಿ 3,000 ಅಡಿಗೂ ಮಿಕ್ಕ ಎತ್ತರದಿಂದ ಸಿಂಗಾರದ ಶಕ್ತಿಗೃಹಕ್ಕೆ ಇಳಿಸುವ ಕಾಮಗಾರಿಯನ್ನು ಮದರಾಸು ಸರಕಾರವು 1929ರಲ್ಲಿ ಕೈಗೊಂಡಿತು. 1932ರಲ್ಲಿ ಯಂತ್ರಗಳು ತಿರುಗತೊಡಗಿದುವು. ಲೋಕವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಕೊಯಮತ್ತೂರಿನಲ್ಲಿ ಗಿರಣಿಯ ಮೇಲೆ ಗಿರಣಿ ಎದ್ದದ್ದು ವಿಚಿತ್ರವೆನಿಸಬಹುದು. ಆದರೆ ಅಗ್ಗದ ವಿದ್ಯುತ್ತು, ಮನೆಬಾಗಿಲಿನ ಹತ್ತಿ, ಕೈಯಲ್ಲಿ ಅಷ್ಟಿಷ್ಟು ಹಣವಿದ್ದ ರೈತ ಕುಟುಂಬಗಳು, ಈ ಮೂರೂ ಒಂದೆಡೆ ಕೂಡಿದಾಗ ಮತ್ತೇನಾಗಬೇಕು? ಗಿರಣಿಯ ಹಿಂದೆಯೇ ವಿದ್ಯುತ್ತು ಬಾವಿಯ ಬಳಿಗೂ ಬಂದಿತು. ಕಪಿಲೆಯ ಎತ್ತುಗಳು ಮೆಲ್ಲಮೆಲ್ಲನೆ ನಿವೃತ್ತವಾದುವು, ಪಂಪುಮನೆಗಳು ಎದ್ದುವು. ಸೋಮನೂರು, ಪಲ್ಲಡಂ ಕಡೆಗಳಲ್ಲಿ ಕೈಮಗ್ಗದ ಜಾಗಕ್ಕೆ ಕಾಲಕ್ರಮದಲ್ಲಿ ವಿದ್ಯುನ್ಮಗ್ಗ ಬಂದಿತು.

ಪರದೇಶದ ಮೋಟಾರನ್ನು ತರಿಸಿಕೊಂಡು ಸುಮ್ಮನಿರುವ ಜಾಯಮಾನ ಕೊಯಮತ್ತೂರಿನವರದಲ್ಲ. 1926ರಲ್ಲಿ ಹುಟ್ಟಿದ ಪಿ.ಎಸ್.ಜಿ. ಧರ್ಮಸಂಸ್ಥೆಯು ಪಾಠಶಾಲೆಯ ಜೊತೆಯಲ್ಲಿಯೇ ಕಾರ್ಖಾನೆಯನ್ನೂ ನಡೆಸಿ ಪಂಪುಗಳನ್ನು ತಯಾರಿಸಿತು. 1920ರಲ್ಲಿ ಪೊಳ್ಳಾಚಿಗೂ ಪಳನಿಗೂ ನಡುವೆ ಒಂದೇ ಒಂದು ಬಸ್ಸನ್ನೋಡಿಸುತ್ತ ವ್ಯಾಪಾರವನ್ನಾರಂಭಿಸಿದ ಜಿ. ಡಿ. ನಾಯ್ಡು ಅವರು, ಡಿ. ಬಾಲಸುಂದರಂ ನಾಯ್ಡು ಅವರೊಡನೆ ಸೇರಿ, 1937ರಲ್ಲಿ ಭಾರತದ ಮೊದಲ ವಿದ್ಯುನ್ಮೋಟಾರನ್ನು ನಿರ್ಮಿಸಿದರೆಂದು ಪ್ರಸಿದ್ಧಿ. ನಾಯ್ಡು ಅವರ ಸ್ವಭಾವವನ್ನು ತಿಳಿಯಲು ಮತ್ತೊಂದು ಸಂಗತಿ ಸಾಕು: 1945ರಲ್ಲಿ ಅವರ ದಾನದಿಂದ ಆರ್ಥರ್ ಹೋಪ್ ತಾಂತ್ರಿಕ ಕಾಲೇಜು ಆರಂಭವಾಯಿತು, ಎಂಜಿನಿಯರನ್ನು ತಯಾರು ಮಾಡಲು ನಾಲ್ಕು ವರ್ಷ ಬೇಕಿಲ್ಲ, ಅದು ಕಾಲಹರಣ, ಎಂಬ ಅವರ ವಾದವನ್ನು ಸರಕಾರ ಒಪ್ಪದಿದ್ದಾಗ ತಾವೇ ಕಟ್ಟಿಸಿದ ಕಾಲೇಜಿನಿಂದ ಅವರು ಹೊರನಡೆದರು. ಶಾಸ್ತ್ರಕ್ಕಿಂತ ಕೈಕೆಲಸ ಮುಂದೆ ಎಂಬ ಈ ಹಟದಲ್ಲಿ ಅತಿಶಯವಿದ್ದೀತು; ಆದರೆ ಆ ಸೀಮೆಯ ಮನೋಧರ್ಮ ಅದರಲ್ಲಿ ಇದ್ದಂತೆಯೇ ಇದೆ. 1951ರಲ್ಲಿ ಪಿ.ಎಸ್.ಜಿ. ತಾಂತ್ರಿಕ ಕಾಲೇಜು, 1956ರಲ್ಲಿ ಕೊಯಮತ್ತೂರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಹುಟ್ಟಿ ಶಾಸ್ತ್ರದ ಪಾಲು ಆಮೇಲೆ ಕೂಡಿಕೊಂಡಿತು.

ಪಲ್ಲಡದ ಕಡೆಯ ಯಾವುದಾದರೊಂದು ತೋಟದ ಪಂಪುಮನೆಯ ಬಾಗಿಲನ್ನು ತೆರೆದರೆ ಗೋಡೆಯ ಮೇಲೆ ಕಾಣುವುದು ಒಂದು ಕಬ್ಬಿಣದ ಪೆಟ್ಟಿಗೆ. ಪಕ್ಕದಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ. ಒಳಗೆ ಎಣ್ಣೆಯ ವಾಸನೆ, ಒಮ್ಮೊಮ್ಮೆ ಒಂದು ಹಲ್ಲಿ. ಅದೇ ಸ್ಟಾರ್-ಡೆಲ್ಟಾ ಸ್ಟಾರ್ಟರು. ಹಸಿರು ಗುಂಡಿಯನ್ನೊತ್ತಿದೊಡನೆ ಮೋಟಾರಿನ ಮೂರು ಸುರುಳಿಗಳು ಒಂದು ಬಿಂದುವಿನಲ್ಲಿ ಕೂಡಿಕೊಂಡ ನಕ್ಷತ್ರಾಕಾರದ ಜೋಡಣೆಯಲ್ಲಿರುತ್ತವೆ. ತಂತಿಯಲ್ಲಿ 415 ವೋಲ್ಟಿದ್ದರೂ ಒಂದೊಂದು ಸುರುಳಿಯ ಪಾಲಿಗೆ ಬರುವುದು ಸುಮಾರು 240 ಮಾತ್ರ. ತಂತಿಯಿಂದೆಳೆಯುವ ಪ್ರವಾಹ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ತಿರುಗಿಸುವ ಬಲವೂ ಅಷ್ಟೇ ಇಳಿಯುತ್ತದೆ. ಮೋಟಾರು ಗುಂಯ್ ಎಂದು ವೇಗವನ್ನೇರಿಸಿಕೊಳ್ಳುತ್ತಿರುವಂತೆ, ಕೆಲವು ಕ್ಷಣಗಳಾದ ಮೇಲೆ, ಪೆಟ್ಟಿಗೆಯೊಳಗಿಂದ ಟಕ್ಕೆಂದು ಒಂದು ಸದ್ದು ಬರುತ್ತದೆ. ಅದೇ ಮೂರು ಸುರುಳಿಗಳು ಈಗ ತ್ರಿಕೋನಾಕಾರದಲ್ಲಿ ಬೆಸೆದುಕೊಂಡು ಪೂರ್ಣ ವೋಲ್ಟೇಜನ್ನು ಹೊರುತ್ತವೆ. ತಾಮ್ರ ಅದೇ, ಉಕ್ಕು ಅದೇ, ಹೊರೆಯೂ ಅದೇ, ಬದಲಾದದ್ದು ರಚನೆಯೊಂದೇ. ಆಧುನಿಕ ನಿಯಂತ್ರಣ ಶಾಸ್ತ್ರಜ್ಞರು ‘ಚರರಚನಾ ವ್ಯವಸ್ಥೆ’ ಎಂದು ಕರೆಯುವ ತತ್ತ್ವದ ಬೀಜ ಆ ಟಕ್ಕೆಂಬ ಸದ್ದಿನಲ್ಲಿದೆ. ಬೀಜವೇ ಹೊರತು ವೃಕ್ಷವಲ್ಲ: ಸ್ಟಾರ್ಟರು ಒಮ್ಮೆ ಬದಲಿಸಿ ಸುಮ್ಮನಾಗುತ್ತದೆ, ತನ್ನ ಕೆಲಸದ ಫಲವನ್ನು ನೋಡಿ ಮತ್ತೆ ಮತ್ತೆ ಬದಲಿಸುವ ವಿವೇಕ ಅದಕ್ಕಿಲ್ಲ.

ಆ ವಿವೇಕವನ್ನು ಶಾಸ್ತ್ರವನ್ನಾಗಿ ಕಟ್ಟಿದವರು ಮಾಸ್ಕೋದವರು. ಪೈಕಾರದ ಚಕ್ರಗಳು ತಿರುಗತೊಡಗಿದ ಅದೇ 1932ರಲ್ಲಿ, ವಿ. ಎಸ್. ಕುಲೆಬಾಕಿನ್ ಎಂಬ ಸೋವಿಯತ್ ವಿದ್ಯುತ್‌ತಜ್ಞನು ವಿಮಾನದ ಜನರೇಟರಿನ ವೋಲ್ಟೇಜನ್ನು ಎಡೆಬಿಡದೆ ಕಂಪಿಸುವ ಸಂಪರ್ಕಗಳಿಂದ ಹದಗೊಳಿಸುವ ಕ್ರಮವನ್ನು ವಿವರಿಸಿದನು. 1934ರಲ್ಲಿ ನಿಕೊಲ್ಸ್ಕಿ ಎಂಬಾತನು ಹಡಗಿನ ಚುಕ್ಕಾಣಿಯನ್ನು ರಿಲೇ ಎಂಬ ವಿದ್ಯುತ್ ಸ್ವಿಚ್ಚಿನಿಂದ ಎಡಕ್ಕೂ ಬಲಕ್ಕೂ ತಿರುಗಿಸಿ ಹಡಗನ್ನು ನೇರ ದಾರಿಯಲ್ಲಿ ನಡೆಸುವ ಬಗೆಯನ್ನು ಬರೆದನು. 1939ರಲ್ಲಿ ಮಾಸ್ಕೋದಲ್ಲಿ ಸ್ವಯಂಚಲನ ವಿದ್ಯೆಗೆಂದೇ ಒಂದು ಸಂಸ್ಥೆ ಏರ್ಪಟ್ಟಾಗ ಅದರ ಮೊದಲ ನಿರ್ದೇಶಕನಾದವನು ಇದೇ ಕುಲೆಬಾಕಿನ್. ಅತ್ತ ಜರ್ಮನಿಯಲ್ಲಿ ಬೆಳೆದು ಯುದ್ಧಾನಂತರ ಅಮೆರಿಕಕ್ಕೆ ಹೋಗಿ ನೆಲೆಸಿದ ಇರ್ಮ್ಗಾರ್ಡ್ ಫ್ಲೂಗೆ-ಲೋಟ್ಸ್ ಎಂಬ ವಿದುಷಿಯು 1953ರಲ್ಲಿ ಇಂತಹ ಅಖಂಡವಲ್ಲದ ನಿಯಂತ್ರಣವನ್ನೇ ವಿಷಯವಾಗಿಟ್ಟು ಗ್ರಂಥವೊಂದನ್ನು ಪ್ರಕಟಿಸಿದಳು. ಆದರೂ ಪಂಡಿತಲೋಕದಲ್ಲಿ ಸ್ವಿಚ್ಚಿಗೆ ಮರ್ಯಾದೆ ಕಡಿಮೆಯೇ ಇದ್ದಿತು. ನಯವಾಗಿ, ನಿರಂತರವಾಗಿ, ಬೇಕಾದಷ್ಟೇ ಬಲವನ್ನು ನೀಡುವ ನಿಯಂತ್ರಕವೇ ಕುಲೀನ. ಪೂರ್ಣ ಹಾಕು, ಪೂರ್ಣ ತೆಗೆ ಎನ್ನುವ ರಿಲೇ ಒರಟು, ಅಗ್ಗದವನ ಆಸರೆ, ಎಂಬುದು ಅಂದಿನ ಸಾಮಾನ್ಯ ಅಭಿಪ್ರಾಯ.

1950ರ ದಶಕದ ಕೊನೆಯಲ್ಲಿ ಅದೇ ಮಾಸ್ಕೋ ಸಂಸ್ಥೆಯ ಸ್ಟಾನಿಸ್ಲಾವ್ ಎಮೆಲ್ಯಾನೊವ್ ಮತ್ತು ಅವನ ಸಂಗಡಿಗರು ಈ ಅಭಿಪ್ರಾಯವನ್ನು ತಲೆಕೆಳಗು ಮಾಡಿದರು. ತಾವು ತಾವಾಗಿ ಬಿಟ್ಟರೆ ಸ್ಥಿರತೆಗೆ ಬಾರದ ಎರಡು ರಚನೆಗಳನ್ನು ತೆಗೆದುಕೊಂಡು, ವ್ಯವಸ್ಥೆಯ ಸ್ಥಿತಿಯನ್ನು ನೋಡಿಕೊಳ್ಳುತ್ತ ತಕ್ಕ ಕ್ಷಣದಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರೆ, ಎರಡರಲ್ಲಿಯೂ ಇಲ್ಲದ ಸ್ಥಿರತೆಯು ಅವುಗಳ ಸಂಯೋಗದಲ್ಲಿ ಹುಟ್ಟುವುದೆಂದು ಅವರು ತೋರಿಸಿದರು. ಪದಾರ್ಥವೊಂದು ಇರಬೇಕಾದ ನೆಲೆಯಿಂದ ಎಷ್ಟು ತಪ್ಪಿದೆ ಎಂಬುದನ್ನು ಒಂದು ಅಕ್ಷದಲ್ಲಿಯೂ, ಆ ತಪ್ಪು ಯಾವ ವೇಗದಲ್ಲಿ ಬದಲಾಗುತ್ತಿದೆ ಎಂಬುದನ್ನು ಇನ್ನೊಂದು ಅಕ್ಷದಲ್ಲಿಯೂ ಗುರುತಿಸಿ, ಆ ತಳದ ಮೇಲೆ ಮೂಲಬಿಂದುವಿನ ಮೂಲಕ ಒಂದು ರೇಖೆಯನ್ನೆಳೆದರೆನ್ನಿ. ರೇಖೆಯ ಆಚೆಯಿದ್ದಾಗ ಒಂದು ರಚನೆ, ಈಚೆಯಿದ್ದಾಗ ಮತ್ತೊಂದು. ಎರಡೂ ಸ್ಥಿತಿಬಿಂದುವನ್ನು ರೇಖೆಯ ಕಡೆಗೇ ನೂಕುವಂತಿದ್ದರೆ, ಬಿಂದುವು ರೇಖೆಯನ್ನು ಮುಟ್ಟಿದ ಮೇಲೆ ಅದನ್ನು ಬಿಟ್ಟು ಹೋಗಲಾರದೆ, ಅದರ ಗುಂಟ ಜಾರುತ್ತ ಮೂಲಬಿಂದುವನ್ನು ಸೇರುತ್ತದೆ. ಎಡದೆತ್ತು ಬಲದೆತ್ತುಗಳನ್ನು ಸರದಿಯ ಮೇಲೆ ತಟ್ಟುತ್ತ ಗಾಡಿಯ ಚಕ್ರವನ್ನು ಒಂದೇ ಜಾಡಿನಲ್ಲಿ ಉಳಿಸುವ ಗಾಡಿಯವನ ಕೌಶಲ ಇಂಥದೇ. ಈ ಜಾರುಗತಿಯೇ ‘ಸ್ಲೈಡಿಂಗ್ ಮೋಡ್’.

ಇದರಲ್ಲಿನ ನಿಜವಾದ ಚಮತ್ಕಾರವು ಬೇರೆಯೇ ಇದೆ. ರೇಖೆಯ ಮೇಲೆ ಜಾರುತ್ತಿರುವಷ್ಟು ಹೊತ್ತು ವ್ಯವಸ್ಥೆಯ ನಡವಳಿಕೆಯನ್ನು ನಿರ್ಣಯಿಸುವುದು ನಾವು ಎಳೆದ ರೇಖೆಯ ಓರೆಯೊಂದೇ. ಮೋಟಾರಿನ ಸುರುಳಿ ಕಾದು ಅದರ ರೋಧ ಹೆಚ್ಚಿತೆ, ಬಾವಿಯ ನೀರು ಇಳಿದು ಹೊರೆ ಬದಲಾಯಿತೆ ಎಂಬ ಚಿಂತೆ ಅಲ್ಲಿ ಇಲ್ಲ, ಆ ವಿಘ್ನಗಳು ನಿಯಂತ್ರಣದ ದಾರಿಯಿಂದಲೇ ಒಳಬರುವಂಥವಾಗಿದ್ದರೆ. ಈ ಕೊನೆಯ ನಿಬಂಧನೆಯನ್ನು ಗಣಿತದಲ್ಲಿ ಸ್ಪಷ್ಟಪಡಿಸಿದವಳು ಯುಗೋಸ್ಲಾವಿಯದ ಬ್ರಾನಿಸ್ಲಾವಾ ದ್ರಾಜೆನೊವಿಚ್, 1969ರಲ್ಲಿ. ಬಲಭಾಗವು ಕ್ಷಣಕ್ಷಣಕ್ಕೂ ತುಂಡಾಗುವ ಸಮೀಕರಣಕ್ಕೆ ಪರಿಹಾರವೆಂದರೆ ಏನರ್ಥ ಎಂಬ ಮೂಲಪ್ರಶ್ನೆಗೆ ಫಿಲಿಪೊವ್ ಎಂಬ ಗಣಿತಜ್ಞನು 1960ರಲ್ಲಿಯೇ ಉತ್ತರವನ್ನು ಕೊಟ್ಟಿದ್ದನು. ಎಮೆಲ್ಯಾನೊವನ ಗ್ರಂಥ 1967ರಲ್ಲಿ ಹೊರಬಂದಿತು. 1972ರಲ್ಲಿ ಅವನಿಗೂ ವಾದಿಮ್ ಉಟ್ಕಿನ್ ಮೊದಲಾದ ಸಹೋದ್ಯೋಗಿಗಳಿಗೂ ಲೆನಿನ್ ಪ್ರಶಸ್ತಿ ದೊರೆಯಿತು. ಹೊರಗಿನ ಪ್ರಪಂಚಕ್ಕೆ ಈ ವಿದ್ಯೆಯ ಪರಿಚಯ ಚೆನ್ನಾಗಿ ಆದದ್ದು ಮಾತ್ರ 1976ರಲ್ಲಿ ಇಟ್ಕಿಸ್ ಎಂಬಾತನ ಪುಸ್ತಕವೂ, 1977ರಲ್ಲಿ ಉಟ್ಕಿನನ ಸಮೀಕ್ಷಾಲೇಖನವೂ ಇಂಗ್ಲಿಷಿನಲ್ಲಿ ಪ್ರಕಟವಾದ ಮೇಲೆ. ಸುಮಾರು ಇಪ್ಪತ್ತು ವರ್ಷಗಳ ಈ ವಿಳಂಬಕ್ಕೆ ಭಾಷೆ ಒಂದು ಕಾರಣ, ರಾಜಕೀಯ ಇನ್ನೊಂದು. ರಿಲೇಯ ಬಗೆಗಿನ ಹಳೆಯ ತಾತ್ಸಾರವೂ ಮೂರನೆಯದಾಗಿತ್ತೆಂದು ಹೇಳಿದರೆ ತಪ್ಪಾಗಲಾರದು.

ತಾತ್ಸಾರಕ್ಕೆ ಆಧಾರವಿಲ್ಲದೆ ಇರಲಿಲ್ಲ. ಕಾಗದದ ಮೇಲೆ ಸ್ವಿಚ್ಚು ಕ್ಷಣಾರ್ಧವೂ ತಡಮಾಡದೆ ಅನಂತ ಸಲ ಬದಲಾಗಬಲ್ಲದು. ಲೋಕದ ಸ್ವಿಚ್ಚಿಗೆ ತೂಕವುಂಟು, ಸ್ಪ್ರಿಂಗುಂಟು, ತಡವುಂಟು. ಆ ತಡದಿಂದಾಗಿ ಬಿಂದುವು ರೇಖೆಯನ್ನು ದಾಟಿ ಹೋಗಿ, ಮರಳಿ, ಮತ್ತೆ ದಾಟಿ, ಕಟಕಟನೆ ನಡುಗುತ್ತದೆ. ಬಲ ಉಗ್ಗುತ್ತದೆ, ಲೋಹ ಸವೆಯುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ಚ್ಯಾಟರಿಂಗ್ ಎಂದು ಹೆಸರು. ಕೊಯಮತ್ತೂರಿನ ವಿದ್ಯುತ್ ಕೆಲಸಗಾರನಿಗೆ ಈ ಶಬ್ದ ಶಾಸ್ತ್ರದಿಂದ ತಿಳಿಯಬೇಕಾದುದಲ್ಲ. ಬೇಸಗೆಯ ಸಂಜೆ ತಂತಿಯ ಕೊನೆಯ ತೋಟದಲ್ಲಿ ವೋಲ್ಟೇಜು ಕುಸಿದಾಗ, ಸ್ಟಾರ್ಟರಿನೊಳಗಣ ಸ್ವಿಚ್ಚಾದ ಕಾಂಟ್ಯಾಕ್ಟರಿನ ಕಾಂತವು ಹಿಡಿಯಲೂ ಆರದೆ ಬಿಡಲೂ ಆರದೆ ಗಡಗಡನೆ ಬಡಿದುಕೊಳ್ಳುವುದನ್ನು ಅವನು ಕಿವಿಯಿಂದಲೇ ಗುರುತಿಸಿ, ಓಡಿಹೋಗಿ ಕೆಂಪು ಗುಂಡಿಯನ್ನೊತ್ತುತ್ತಾನೆ. ತಡಮಾಡಿದರೆ ಬೆಳ್ಳಿಲೇಪದ ತುದಿಗಳು ಸುಟ್ಟು ಅಂಟಿಕೊಳ್ಳುವುವೆಂಬುದು ಅವನಿಗೆ ಗೊತ್ತು. ಕಾರಣ ಬೇರೆ, ಕೇಡು ಒಂದೇ. ಪಂಡಿತರು ಈ ರೋಗಕ್ಕೆ ಮದ್ದನ್ನು ಹುಡುಕಿದ ಚರಿತ್ರೆಯೂ ದೀರ್ಘವಾದುದು: 1983ರಲ್ಲಿ ಸ್ಲೊಟೀನ್ ಮತ್ತು ಶಾಸ್ತ್ರಿಯವರು ರೇಖೆಯ ಇಕ್ಕೆಲದಲ್ಲಿ ತೆಳುವಾದೊಂದು ಪಟ್ಟಿಯನ್ನಿಟ್ಟು ಅದರೊಳಗೆ ಬಲವನ್ನು ನಯಗೊಳಿಸಿದರು, 1993ರಲ್ಲಿ ಲೆವಾಂಟನು ಬದಲಾವಣೆಯನ್ನು ಬಲದ ಹಿಂದಣ ಮೆಟ್ಟಿಲಿಗೆ ಸರಿಸಿ, ಹೊರಬರುವ ಬಲವು ನಿರಂತರವಾಗಿರುವಂತೆ ಉಚ್ಚಕ್ರಮದ ಜಾರುಗತಿಯನ್ನು ನಿರೂಪಿಸಿದನು.

ಇಷ್ಟರಲ್ಲಿ ಲೋಹದ ಸ್ವಿಚ್ಚಿನ ಸ್ಥಾನದಲ್ಲಿ ಸಿಲಿಕಾನ್ ಬಂದಿತ್ತು. ಟ್ರಾನ್ಸಿಸ್ಟರಿಗೆ ತೂಕವಿಲ್ಲ, ಒಂದು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚಬಲ್ಲದು, ದೊಡ್ಡ ಶಕ್ತಿಯನ್ನು ನಿರ್ವಹಿಸುವಾಗ ಅದಕ್ಕೆ ತಿಳಿದಿರುವುದು ಹಾಕು, ತೆಗೆ ಎಂಬೆರಡೇ. ವಿದ್ಯುನ್ಮೋಟಾರಿನ ನಿಯಂತ್ರಣದಲ್ಲಿ ಸ್ವಿಚ್ಚು ಹೇಗೂ ಇರಲೇಬೇಕಾದ ಮೇಲೆ, ಅದನ್ನು ಮರೆಮಾಚುವ ಬದಲು ಅದರ ಮೇಲೆಯೇ ಶಾಸ್ತ್ರವನ್ನು ಕಟ್ಟಬಾರದೇಕೆ? 1981ರಲ್ಲಿ ಶಬಾನೊವಿಚ್ ಮತ್ತು ಇಜೊಸಿಮೊವ್ ಎಂಬವರು ಪಂಪುಮನೆಯಲ್ಲಿರುವಂಥ ಇಂಡಕ್ಷನ್ ಮೋಟಾರಿಗೆ ಜಾರುಗತಿಯನ್ನು ಅನ್ವಯಿಸಿ ತೋರಿಸಿದರು. 1986ರಲ್ಲಿ ಜಪಾನಿನ ತಕಾಹಾಶಿ ಮತ್ತು ನೊಗುಚಿ, ಅನಂತರ 1988ರಲ್ಲಿ ಜರ್ಮನಿಯ ಡೆಪೆನ್‌ಬ್ರಾಕ್, ಮೋಟಾರಿನ ತಿರುಗುಬಲವನ್ನು ಎರಡು ಎಲ್ಲೆಗಳ ನಡುವೆ ನೇರವಾಗಿ ಸ್ವಿಚ್ಚಿನಿಂದಲೇ ಹಿಡಿದಿಡುವ ಕ್ರಮಗಳನ್ನು ಪ್ರಕಟಿಸಿದರು. ಇವು ಜಾರುಗತಿಯ ದಾಯಾದಿಗಳು. ನೂಲಿನ ಗಿರಣಿಗೆ ಇಂತಹ ವಿದ್ಯುನ್ಮಾನ ಚಾಲನೆ ಎಷ್ಟು ಬೇಕಾದುದೆಂದು ನೂಲುವ ಯಂತ್ರವಾದ ರಿಂಗ್ ಫ್ರೇಮಿನ ಮುಂದೆ ನಿಂತವರು ಬಲ್ಲರು. ಕದಿರಿನ ಬುಡದಲ್ಲಿ ನೂಲು ಸುತ್ತುವಾಗ ಎಳೆಯ ಬಿಗಿ ಹೆಚ್ಚು, ಆದುದರಿಂದ ವೇಗವನ್ನು ತಗ್ಗಿಸಬೇಕು, ನಡುವಿನಲ್ಲಿ ಏರಿಸಬೇಕು, ತುದಿಯಲ್ಲಿ ಮತ್ತೆ ತಗ್ಗಿಸಬೇಕು. ತಿರುಗುಬಲ ಒಮ್ಮೆ ಜಗ್ಗಿದರೆ ಸಾಕು, ಎಳೆಗಳು ಪಟಪಟನೆ ತುಂಡಾಗುತ್ತವೆ. ಕೆಲಸದ ಹೆಂಗಸು ಸಾಲಿನುದ್ದಕ್ಕೂ ಓಡುತ್ತ ಒಂದೊಂದನ್ನಾಗಿ ಬೆರಳಿನಿಂದ ಕೂಡಿಸಬೇಕು. ನಿಯಂತ್ರಣಶಾಸ್ತ್ರದ ಗುಣದೋಷಗಳನ್ನು ಆಕೆಯ ನಡಿಗೆಯಲ್ಲಿ ಅಳೆಯಬಹುದು.

ಶತಮಾನದ ಕೊನೆಯ ದಶಕದಲ್ಲಿ ಈ ಸೀಮೆಗೆ ಇನ್ನೊಂದು ಶಕ್ತಿ ಒದಗಿತು. ಪಶ್ಚಿಮಘಟ್ಟದ ಗೋಡೆ ಪಾಲಕ್ಕಾಡಿನ ಬಳಿ ಸುಮಾರು 30 ಕಿಲೋಮೀಟರಿನಷ್ಟು ತೆರೆದುಕೊಂಡು ಕಂಡಿಯಾಗಿದೆ; ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೈರುತ್ಯದ ಮಾರುತವು ಮಲೆಯಾಳದಲ್ಲಿ ಮಳೆಯನ್ನು ಸುರಿಸಿ, ಒಣಗಾಳಿಯಾಗಿ ಆ ಕಂಡಿಯಿಂದ ನುಗ್ಗಿ ಪೊಳ್ಳಾಚಿ, ಉಡುಮಲಪೇಟೆ, ಪಲ್ಲಡಂ ಬಯಲುಗಳ ಮೇಲೆ ಬೀಸುತ್ತದೆ. ಮಳೆಯನ್ನು ಕೊಡದ ಗಾಳಿಯೆಂದು ರೈತನು ಬೈಯುತ್ತಿದ್ದುದನ್ನೇ ಗಿರಣಿಯ ಮಾಲೀಕರು ಬಂಡವಾಳವನ್ನಾಗಿ ಮಾಡಿಕೊಂಡರು. ತಮ್ಮ ಗಿರಣಿಗೆ ಬೇಕಾದ ವಿದ್ಯುತ್ತನ್ನು ದೂರದ ಹೊಲದಲ್ಲಿ ಗಾಳಿಯಿಂದ ಉತ್ಪಾದಿಸಿ ಸರಕಾರದ ತಂತಿಯ ಮೂಲಕ ತರಿಸಿಕೊಳ್ಳಲು ಅವಕಾಶವಿತ್ತು. ಯಂತ್ರದ ಬೆಲೆಯನ್ನು ಸವಕಳಿಯೆಂದು ಬೇಗ ಬರೆದುಹಾಕಿ ತೆರಿಗೆಯನ್ನು ಉಳಿಸಿಕೊಳ್ಳುವ ಸೌಲಭ್ಯವೂ ಇತ್ತು. ಇವೆರಡರಲ್ಲಿ ಹೆಚ್ಚು ಗಾಳಿಯಂತ್ರಗಳನ್ನು ನಿಲ್ಲಿಸಿದ್ದು ಎರಡನೆಯದೇ ಇರಬೇಕೆಂದು ನನಗನ್ನಿಸುತ್ತದೆ. ಕಾರಣವೇನೇ ಇರಲಿ, ತೆಂಗಿನ ತೋಟಗಳ ಮೇಲೆ ಬಿಳಿಯ ರೆಕ್ಕೆಗಳು ತಿರುಗತೊಡಗಿದುವು.

ಆ ಮೊದಲ ತಲೆಮಾರಿನ ಯಂತ್ರಗಳು, ಒಂದೊಂದೂ 225 ಅಥವಾ 250 ಕಿಲೋವ್ಯಾಟಿನ ಆಸುಪಾಸಿನವು, ಬಹುಮಟ್ಟಿಗೆ ಪಂಪುಮನೆಯ ಮೋಟಾರಿನ ಬಂಧುಗಳೇ: ಅದೇ ಇಂಡಕ್ಷನ್ ಯಂತ್ರ, ನೀರೆತ್ತುವ ಬದಲು ಗಾಳಿಯಿಂದ ನೂಕಿಸಿಕೊಂಡು ವಿದ್ಯುತ್ತನ್ನು ಹಿಂದಿರುಗಿಸುವುದು. ಕೆಲವುದರಲ್ಲಿ ಎರಡು ಬಗೆಯ ಸುರುಳಿಗಳಿರುತ್ತಿದ್ದುವು. ಮಂದ ಗಾಳಿಗೆ ಎಂಟು ಧ್ರುವಗಳ ಚಿಕ್ಕದು, ನಿಮಿಷಕ್ಕೆ ಸುಮಾರು 750 ಸುತ್ತು. ಬಲವಾದ ಗಾಳಿಗೆ ಆರು ಧ್ರುವಗಳ ದೊಡ್ಡದು, ಸುಮಾರು 1000 ಸುತ್ತು. ಗಾಳಿಯನ್ನು ನೋಡಿಕೊಂಡು ನಿಯಂತ್ರಕವು ಒಂದನ್ನು ಬಿಟ್ಟು ಇನ್ನೊಂದಕ್ಕೆ ಬದಲಿಸಬೇಕು. ಇಲ್ಲಿ ರಚನೆಯು ಒಂದೇ ಸಲವಲ್ಲ, ದಿನಕ್ಕೆ ಹಲವಾರು ಸಲ, ಸ್ಥಿತಿಯನ್ನು ಅನುಸರಿಸಿ ಬದಲಾಗುತ್ತದೆ. ಗಾಳಿಯು ಎರಡರ ಎಲ್ಲೆಯಲ್ಲಿಯೇ ತೂಗಾಡುತ್ತಿದ್ದ ಹೊತ್ತಿನಲ್ಲಿ ಯಂತ್ರವು ಅತ್ತಿಂದಿತ್ತ ನೆಗೆದು ಗೇರುಪೆಟ್ಟಿಗೆಯ ಹಲ್ಲುಗಳನ್ನು ಹಣ್ಣುಮಾಡಬಾರದೆಂದು, ಮೇಲೇರುವ ಎಲ್ಲೆಯನ್ನು ಕೆಳಗಿಳಿಯುವ ಎಲ್ಲೆಗಿಂತ ಎತ್ತರದಲ್ಲಿಟ್ಟು, ನಡುವೆ ಕೊಂಚ ಕಾಯುವ ಕಾಲವನ್ನೂ ಸೇರಿಸುತ್ತಿದ್ದರು. ಮಾಸ್ಕೋದವರ ಸಮಸ್ಯೆ ಉಡುಮಲಪೇಟೆಯ ಹೊಲದಲ್ಲಿ ತನ್ನ ಪೂರ್ಣರೂಪದಲ್ಲಿ ಕಾಣಿಸಿಕೊಂಡದ್ದು ಹೀಗೆ. ಮುಂದೆ ಬಂದ ದೊಡ್ಡ ಯಂತ್ರಗಳಲ್ಲಿ ವೇಗವೇ ಗಾಳಿಯೊಡನೆ ಏರಿಳಿಯುವಂತಾಗಿ, ಟ್ರಾನ್ಸಿಸ್ಟರುಗಳು ನಡುವೆ ನಿಂತುವು. ನಿಮಿಷ ನಿಮಿಷಕ್ಕೂ ಬದಲಾಗುವ ಗಾಳಿಯಿಂದ ಆದಷ್ಟು ಹೆಚ್ಚು ಶಕ್ತಿಯನ್ನು ಹೀರುವ ಸಮಸ್ಯೆಗೆ ಜಾರುಗತಿ ನಿಯಂತ್ರಣವನ್ನು ಅನ್ವಯಿಸಿದ ಸಂಶೋಧನ ಪ್ರಬಂಧಗಳು ದೇಶವಿದೇಶಗಳಲ್ಲಿ ಹೇರಳವಾಗಿ ಬಂದಿವೆ. 2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದಾಗ ಪಲ್ಲಡಂ, ಉಡುಮಲಪೇಟೆ, ಧಾರಾಪುರಗಳೊಡನೆ ಈ ಗಾಳಿಹೊಲಗಳ ಬಹುಭಾಗವೂ ಅದರ ಪಾಲಿಗೆ ಹೋಯಿತು.

ಭಾರತದಲ್ಲಿ ಈ ಶಾಸ್ತ್ರವನ್ನು ಬೆಳೆಸಿದವರಲ್ಲಿ ಮುಂಬಯಿಯ ಐ.ಐ.ಟಿ.ಯ ಬಿ. ಬಂದ್ಯೋಪಾಧ್ಯಾಯರು ಅಗ್ರಗಣ್ಯರು, ಗಣಕಯಂತ್ರವು ಗಡಿಯಾರದ ಬಡಿತಕ್ಕೆ ತಕ್ಕಂತೆ ಬಿಡಿಬಿಡಿಯಾಗಿ ಅಳೆಯುವ ಸಂದರ್ಭಕ್ಕೆ ಜಾರುಗತಿಯನ್ನು ಹೊಂದಿಸುವ ಬಗೆಗೆ ಅವರೂ ಎಸ್. ಜನಾರ್ದನನ್ ಅವರೂ ಕೂಡಿ ಬರೆದ ಗ್ರಂಥವು 2006ರಲ್ಲಿ ಹೊರಬಂದಿತು. ಚರರಚನಾ ವ್ಯವಸ್ಥೆಗಳ ಅಂತಾರಾಷ್ಟ್ರೀಯ ಗೋಷ್ಠಿಯು 2012ರ ಜನವರಿಯಲ್ಲಿ ಮುಂಬಯಿಯಲ್ಲಿಯೇ ನೆರೆಯಿತು. ಕೊಯಮತ್ತೂರಿನ ಪಂಪುಮನೆಗಳಿಗೆ ಮಾತ್ರ ಇದಾವುದರ ಸುದ್ದಿಯೂ ಮುಟ್ಟಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ನೀರೆತ್ತುವ ಮೋಟಾರಿಗೆ ಒಂದು ಸಲದ ಟಕ್ಕೆಂಬ ಬದಲಾವಣೆ ಸಾಕು, ಅದಕ್ಕಿಂತ ಹೆಚ್ಚಿನ ಜಾಣ್ಮೆಯ ಬೆಲೆಯನ್ನು ರೈತನ ಹೆಗಲಿಗೆ ಹೇರುವುದು ಅನ್ಯಾಯ. ನೂಲಿನ ಎಳೆಗೂ ಕಂಡಿಯ ಗಾಳಿಗೂ ಅಷ್ಟು ಸಾಲದು. ಅಲ್ಲಿ ಎಮೆಲ್ಯಾನೊವ್, ಉಟ್ಕಿನರ ಶಾಸ್ತ್ರಕ್ಕೆ ಕೆಲಸವುಂಟು.